ಮೊಮ್ಮಗಳ ಜೊತೆ ಟಾಟಾ ಇನ್‌ಸ್ಟಿಟ್ಯೂಟ್‌ಗೆ

"ತಾತ, ನಂಗೆ ಅಲ್ಲಿ ಸೀಟು ಸಿಗತ್ತಾ? ನಿಜ ಹೇಳಿ."

ತಿಪಟೂರಿನ ನಮ್ಮ ಮನೆಯ ಜಗುಲಿಯಲ್ಲಿ ಕೂತು ನಾನು ಪೇಪರ್ ಓದುತ್ತಿದ್ದಾಗ ಮೊಮ್ಮಗಳು ಪುಟ್ಟಿ ಹೀಗೆ ಕೇಳಿದಳು. ಮನೆಯಲ್ಲಿ ಕರೆಯುವುದು ಪುಟ್ಟಿ ಎಂದು, ಆದರೆ ಅವಳೇನೂ ಪುಟ್ಟ ಹುಡುಗಿಯಲ್ಲ. ಮೊದಲ ಪಿಯುಸಿ, ಪಿಸಿಎಂಬಿ. 'ಅಲ್ಲಿ' ಎಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಎಂಟನೇ ಕ್ಲಾಸಿನಲ್ಲಿ ಯಾವುದೋ ವಿಜ್ಞಾನ ಮೇಳಕ್ಕೆ ಹೋಗಿ ಬಂದಾಗಿನಿಂದ ಅವಳ ತಲೆಯಲ್ಲಿ ಇದೊಂದೇ ಹೆಸರು. ಡಾಕ್ಟರು ಬೇಡ, ಇಂಜಿನಿಯರು ಬೇಡ, ಜೀವಕೋಶದ ಒಳಗೆ ಏನು ನಡೆಯುತ್ತದೆ ಎಂದು ನೋಡುತ್ತಾ ಕೂರಬೇಕಂತೆ.

ಬೇರೆ ಯಾವ ತಾತನಾದರೂ "ಸಿಗದೆ ಏನಮ್ಮ, ಖಂಡಿತ ಸಿಗತ್ತೆ" ಎಂದು ತಲೆ ಸವರುತ್ತಿದ್ದನೇನೋ. ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಅದಕ್ಕೆ ಕಾರಣವಿದೆ.

1998ರಲ್ಲಿ ಇವಳ ಅಪ್ಪ, ಎಂದರೆ ನನ್ನ ಮಗ, ಮೆಡಿಕಲ್ ಸೀಟಿಗೆಂದು ಸಿಇಟಿ ಬರೆದ. ಪರೀಕ್ಷೆಗೆ ಮುಂಚೆ ದಿನಾ ರಾತ್ರಿ ಬಂದು "ಅಪ್ಪಾ, ಆಗತ್ತಾ?" ಎಂದು ಕೇಳುತ್ತಿದ್ದ. ನಾನು ದಿನಾ "ಖಂಡಿತ ಆಗತ್ತೆ ಕಣೋ, ಬಾಗಿಲಿಗೆ ಡಾಕ್ಟರ್ ಅಂತ ಬೋರ್ಡ್ ಬರೆಸಿಬಿಡೋಣ" ಎನ್ನುತ್ತಿದ್ದೆ. ಧೈರ್ಯ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಪಟ್ಟಿ ಬಂದಾಗ ಕೊನೆಯ ಮೆರಿಟ್ ಸೀಟಿಗೂ ಅವನಿಗೂ ಇನ್ನೂರು ರ‍್ಯಾಂಕುಗಳ ಅಂತರ. ಅಂದು ಅವನು ಹೇಳಿದ್ದು ಒಂದೇ ಮಾತು: "ನೀವು ಖಂಡಿತ ಅಂದಿದ್ರಿ." ಆಮೇಲೆ ನಾಲ್ಕು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸೀಟು ಹೋದದ್ದಕ್ಕಿಂತ, ನಾನು ಲೆಕ್ಕ ನೋಡದೆ ಹೇಳಿದ ಆ ಮಾತೇ ಅವನಿಗೆ ಹೆಚ್ಚು ಚುಚ್ಚಿತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಡಿ ಫಾರ್ಮ ಮಾಡಿ ಈಗ ಔಷಧಿ ಅಂಗಡಿ ಇಟ್ಟಿದ್ದಾನೆ. ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ.

ಈಗ ಅದೇ ಮಗ ಒಂದು ಬಣ್ಣದ ಪುಸ್ತಿಕೆ ತಂದು ನನ್ನ ಮುಂದೆ ಇಟ್ಟಿದ್ದ. ಬೆಂಗಳೂರಿನ ಒಂದು ಕೋಚಿಂಗ್ ಸಂಸ್ಥೆಯದು. ಎರಡನೇ ಪಿಯುಸಿ ಪೂರ್ತಿ ಅಲ್ಲೇ ವಾಸ, ಅಲ್ಲೇ ಪಾಠ. ಫೀಸು ಎರಡು ಲಕ್ಷ ಎಂಬತ್ತು ಸಾವಿರ, ಹಾಸ್ಟೆಲ್ ಬೇರೆ. ಪುಸ್ತಿಕೆಯ ಹಿಂದುಗಡೆ ಸೀಟು ಸಿಕ್ಕ ಮಕ್ಕಳ ಫೋಟೊಗಳು, ಎಲ್ಲರ ಮುಖದಲ್ಲೂ ನಗು. ಎಷ್ಟು ಮಕ್ಕಳು ದುಡ್ಡು ಕಟ್ಟಿ ಸೇರಿದ್ದರು ಎಂಬ ಸಂಖ್ಯೆ ಮಾತ್ರ ಎಲ್ಲೂ ಇರಲಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಜಮೆ ಮಾತ್ರ ತೋರಿಸಿ ಖರ್ಚು ತೋರಿಸದ ಲೆಕ್ಕ ಕಂಡರೆ ಕನ್ನಡಕ ಏರಿಸಿಕೊಂಡು ಎರಡನೇ ಸಲ ಓದುವುದು ಅಭ್ಯಾಸವಾಗಿಬಿಟ್ಟಿದೆ.

ದುಡ್ಡು ಇಲ್ಲವೆಂದಲ್ಲ. ಮೂರು ಲಕ್ಷದ ಒಂದು ಎಫ್‌ಡಿ ಇದೆ. ಅದು ನಮ್ಮ ಮನೆಯವಳ ಮಂಡಿ ಆಪರೇಷನ್‌ಗೆಂದು ಎತ್ತಿಟ್ಟದ್ದು. "ಮುರಿಸ್ರಿ ಅದನ್ನ. ನನ್ನ ಮಂಡಿ ಎಲ್ಲಿಗೂ ಓಡಿ ಹೋಗಲ್ಲ" ಎಂದಳು. ಓಡುವ ಹಾಗಿದ್ದರೆ ಆಪರೇಷನ್ನೇ ಬೇಕಿರಲಿಲ್ಲವಲ್ಲ!

ಸಾಲ ಕೊಡುವ ಮುಂಚೆ ಜಾಗ ನೋಡಿ ಬರುವುದು ಬ್ಯಾಂಕಿನ ಪದ್ಧತಿ. "ನಿನ್ನ ಪ್ರಶ್ನೆಗೆ ಅಲ್ಲಿಗೆ ಹೋಗಿ ಬಂದ ಮೇಲೆ ಉತ್ತರ ಹೇಳ್ತೀನಿ" ಎಂದೆ ಪುಟ್ಟಿಗೆ. ಆ ಸಂಸ್ಥೆಯಲ್ಲಿ ವರ್ಷಕ್ಕೊಂದು ದಿನ 'ಓಪನ್ ಡೇ' ಎಂದು ಮಾಡುತ್ತಾರೆ. ಅಂದು ಯಾರು ಬೇಕಾದರೂ ಒಳಗೆ ಹೋಗಿ ಪ್ರಯೋಗಾಲಯಗಳನ್ನು ನೋಡಬಹುದು, ಟಿಕೆಟ್ ಇಲ್ಲ. ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚ್‌ನ ಒಂದು ಶನಿವಾರ. ಆ ಶನಿವಾರ ಕತ್ತಲಿರುವಾಗಲೇ ಅಜ್ಜಿ ಎದ್ದು ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಟ್ಟಳು. ಬೆಳಗಿನ ರೈಲು ಹತ್ತಿದೆವು.

ಗುಬ್ಬಿ ದಾಟುವವರೆಗೆ ತೆಂಗಿನ ತೋಟ. ತುಮಕೂರಿನಲ್ಲಿ ಆಫೀಸಿಗೆ ಹೋಗುವವರು ಹತ್ತಿ ಡಬ್ಬಿ ಭರ್ತಿಯಾಯಿತು. ಪುಟ್ಟಿ ಕಿಟಕಿಯ ಹತ್ತಿರ ಕೂತು ಯಾವುದೋ ಸೂತ್ರಗಳ ಚೀಟಿ ಓದುತ್ತಿದ್ದಳು. ಚಿಕ್ಕಬಾಣಾವರ ಬಂದಾಗ ಚೀಟಿ ಮಡಚಿಟ್ಟು ಜಡೆ ಸರಿಮಾಡಿಕೊಂಡಳು, ಸೀಟು ಕೊಡುವವರು ಯಶವಂತಪುರದ ಪ್ಲಾಟ್‌ಫಾರಂನಲ್ಲೇ ಕಾಯುತ್ತಿದ್ದಾರೆ ಎನ್ನುವ ಹಾಗೆ.

ಸ್ಟೇಷನ್ನಿನಿಂದ ಅಲ್ಲಿಗೆ ಎರಡು ಕಿಲೋಮೀಟರ್ ಆಸುಪಾಸು. ಆಟೋದವನಿಗೆ "ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್" ಎಂದು ಪುಟ್ಟಿ ಪೂರ್ತಿ ಹೆಸರು ಹೇಳಿದಳು. ಅವನು ನನ್ನ ಮುಖ ನೋಡಿದ. "ಟಾಟಾ ಇನ್‌ಸ್ಟಿಟ್ಯೂಟ್" ಎಂದೆ. "ಹಂಗನ್ನಿ ಸಾರ್" ಎಂದು ಗಾಡಿ ತಿರುಗಿಸಿದ. ಬೆಂಗಳೂರಿನ ಹಳಬರಿಗೆ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ.

ಹೆಸರು ಹಾಗೆ ಉಳಿದದ್ದು ನ್ಯಾಯವೇ. ಜಮ್‌ಷೇಟ್‌ಜಿ ಟಾಟಾ ಈ ಸಂಸ್ಥೆಯ ಕನಸು ಕಂಡವರು. ಮಕ್ಕಳೇ, 1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೊರಟ ಒಂದು ಹಡಗಿನಲ್ಲಿ ಟಾಟಾ ಮತ್ತು ಸ್ವಾಮಿ ವಿವೇಕಾನಂದರು ಜೊತೆಯಾಗಿ ಪ್ರಯಾಣ ಮಾಡಿದರು. ಐದು ವರ್ಷದ ಮೇಲೆ ಟಾಟಾ ತಮ್ಮ ಸಂಸ್ಥೆಯ ಯೋಜನೆಯ ಬಗ್ಗೆ ವಿವೇಕಾನಂದರಿಗೆ ಪತ್ರ ಬರೆದು, ಆ ಹಡಗಿನ ಮಾತುಕತೆಯನ್ನು ನೆನಪಿಸಿದರು. ಆಗ ವೈಸ್‌ರಾಯ್ ಆಗಿ ಬಂದ ಲಾರ್ಡ್ ಕರ್ಜನ್‌ಗೆ ಯೋಜನೆಯ ಮೇಲೆ ಅನುಮಾನ. ಇಷ್ಟು ದೊಡ್ಡ ವಿದ್ಯೆ ಕಲಿಯಲು ಈ ದೇಶದಲ್ಲಿ ಸಾಕಷ್ಟು ವಿದ್ಯಾರ್ಥಿಗಳು ಸಿಗುತ್ತಾರೆಯೇ, ಕಲಿತವರಿಗೆ ಕೆಲಸ ಸಿಗುತ್ತದೆಯೇ ಎಂದು. ಇದನ್ನು ಪುಟ್ಟಿಗೆ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಮ್ಮ ಎದುರಿಗೆ ಗೇಟಿನಿಂದ ರಸ್ತೆಯ ತಿರುವಿನವರೆಗೂ ಸ್ಕೂಲ್ ಯೂನಿಫಾರ್ಮ್ ಹಾಕಿದ ಮಕ್ಕಳ ಸಾಲು.

ಟಾಟಾ 1904ರಲ್ಲೇ ತೀರಿಕೊಂಡರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ತಾವು ದುಡ್ಡಿಟ್ಟ ಜಾಗದಲ್ಲಿ ಒಂದು ಕಲ್ಲು ನಿಂತದ್ದನ್ನೂ ಅವರು ನೋಡಲಿಲ್ಲ. ಜಮೀನು ಕೊಟ್ಟವರು ಮೈಸೂರು ಸಂಸ್ಥಾನದವರು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 371 ಎಕರೆ. ಇವತ್ತು ಮಲ್ಲೇಶ್ವರದ ಪಕ್ಕದಲ್ಲಿ 371 ಎಕರೆ ಎಂದರೆ ಅದರ ಬೆಲೆ ಬರೆಯಲು ನಮ್ಮ ಹಳೆಯ ಲೆಡ್ಜರಿನ ಕಾಲಂ ಸಾಲದು.

ಗೇಟು ದಾಟಿ ಒಳಗೆ ಹೋದರೆ ಬೆಂಗಳೂರು ಹಿಂದೆ ಉಳಿದುಹೋಗುತ್ತದೆ. ಹಾರ್ನಿನ ಸದ್ದು ನಿಂತು ಹಕ್ಕಿಯ ಸದ್ದು ಶುರು. ರಸ್ತೆಗಳಿಗೆ ಮರಗಳ ಹೆಸರು: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ತಾಳ ಮಾರ್ಗ. ಮನುಷ್ಯರ ಹೆಸರಿಗಿಂತ ಇದೇ ವಾಸಿ, ಯಾರಿಗೂ ಜಗಳವಿಲ್ಲ. ಈ ಮರಗಳ ಮೇಲೆ ಕಾಡುಪಾಪಗಳಿವೆ. ನೀವು ನೋಡಿರಲಿಕ್ಕಿಲ್ಲ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿ, ದೊಡ್ಡ ದುಂಡು ಕಣ್ಣು, ಕಡ್ಡಿಯಂಥ ಕೈಕಾಲು, ರಾತ್ರಿ ಮಾತ್ರ ಓಡಾಟ. ನಾನು ಚಿಕ್ಕವನಿದ್ದಾಗ ನಮ್ಮೂರಿನ ಹುಣಸೆ ತೋಪಿನಲ್ಲಿ ಒಮ್ಮೆ ಕಂಡಿದ್ದೆ. ಇಷ್ಟು ದೊಡ್ಡ ನಗರದ ಮಧ್ಯೆ ಅದು ಇನ್ನೂ ಬದುಕಿದೆ ಎಂದು ಕೇಳಿ ಬಹಳ ಸಂತೋಷವಾಯಿತು. ಹಗಲಾದ್ದರಿಂದ ಕಾಣಲಿಲ್ಲ.

ಮರಗಳ ಸಾಲು ಮುಗಿದ ಮೇಲೆ ಮುಖ್ಯ ಕಟ್ಟಡ. ಬೂದು ಬಣ್ಣದ ಕಲ್ಲು, ನಡುವೆ ಎತ್ತರದ ಗೋಪುರ, ಮುಂದೆ ಟಾಟಾ ಅವರ ಪ್ರತಿಮೆ. ಪುಟ್ಟಿ ಅದರ ಮುಂದೆ ಚಪ್ಪಲಿ ಕಳಚಿ ನಿಂತಳು. "ದೇವಸ್ಥಾನ ಅಲ್ಲ ಕಣಮ್ಮ" ಎಂದೆ. "ಗೊತ್ತು ತಾತ, ಕಲ್ಲು ಸಿಕ್ಕಿಕೊಂಡಿತ್ತು" ಎಂದಳು. ಕಲ್ಲು ಸಿಕ್ಕಿಕೊಂಡಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಬೆಳಗ್ಗೆಯೆಲ್ಲ ಸುತ್ತಿದ್ದೇ ಸುತ್ತಿದ್ದು. ಹೈ ವೋಲ್ಟೇಜ್ ಲ್ಯಾಬಿನಲ್ಲಿ ಮನುಷ್ಯರೇ ಮಿಂಚು ಮಾಡಿ ತೋರಿಸುತ್ತಾರೆ. ನೀಲಿ ಬಳ್ಳಿಯಂತೆ ಬೆಳಕು ಹಾರಿ 'ಚಟಾರ್' ಎಂದಾಗ ನೂರು ಮಕ್ಕಳು ಒಟ್ಟಿಗೆ ಕಿರುಚಿದರು, ಅವರ ಜೊತೆ ನಾನೂ. ಏರೋಸ್ಪೇಸ್ ವಿಭಾಗದಲ್ಲಿ ವಿಮಾನದ ಮಾದರಿಗೆ ಗಾಳಿ ಬೀಸಿ ಪರೀಕ್ಷೆ ಮಾಡುವ ಸುರಂಗ ನೋಡಿದೆವು. ಸತೀಶ್ ಧವನ್ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋವನ್ನೂ ನಡೆಸಿದವರು ಎಂಬುದು ನಿಮ್ಮ ಅಜ್ಜಂದಿರಿಗೆ ನೆನಪಿರುತ್ತದೆ. ಜೀವವಿಜ್ಞಾನದ ಕಡೆ ಹೋದಾಗ ಮಾತ್ರ ನನ್ನ ಕಾಲು ಸೋತಿತು. ಪುಟ್ಟಿ ಒಂದು ಸೂಕ್ಷ್ಮದರ್ಶಕದ ಮುಂದೆ ಬಗ್ಗಿದವಳು ಏಳಲೇ ಇಲ್ಲ. ಹಿಂದಿನ ಸಾಲಿನ ಹುಡುಗರು "ಅಕ್ಕಾ, ನಾವೂ ನೋಡ್ಬೇಕು" ಎಂದು ಗಲಾಟೆ ಮಾಡಿದ ಮೇಲೆ ಪಕ್ಕಕ್ಕೆ ಸರಿದು, ಸುತ್ತು ಹಾಕಿಕೊಂಡು ಮತ್ತೆ ಅದೇ ಸಾಲಿನ ಕೊನೆಗೆ ಹೋಗಿ ನಿಂತಳು.

ಅಲ್ಲಿ ವಿವರಣೆ ಕೊಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ರಾಯಚೂರು ಜಿಲ್ಲೆಯವಳು. ಪುಟ್ಟಿಯ ಎರಡನೇ ಸುತ್ತು ಕಂಡು ಅವಳಿಗೆ ನಗು ಬಂತು. ಮಾತಿಗೆ ಸಿಕ್ಕಳು.

"ಅಕ್ಕ, ನೀವು ಜೆಇಇನಲ್ಲಿ ಎಷ್ಟನೇ ರ‍್ಯಾಂಕ್?"

"ನಾ ಜೆಇಇ ಬರದೇ ಇಲ್ಲಮ್ಮ. ನಮ್ಮೂರ ಸರ್ಕಾರಿ ಕಾಲೇಜಿನ್ಯಾಗ ಬಿಎಸ್ಸಿ ಮಾಡೀನಿ. ಆಮ್ಯಾಲೆ ಜ್ಯಾಮ್ ಅಂತ ಪರೀಕ್ಷಾ ಅದ. ಮೊದಲನೇ ಸಲ ಬರದೆ, ಆಗ್ಲಿಲ್ಲ. ಎರಡನೇ ಸಲಕ್ಕ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೀಟ್ ಸಿಕ್ತು."

"ನಿಮ್ಮ ಕಾಲೇಜಿಂದ ಎಷ್ಟು ಜನ ಬರೆದಿದ್ರು?"

"ನಾಕ್ ಮಂದಿ ಬರದಿದ್ವಿ. ಇಲ್ಲಿಗೆ ಬಂದಾಕಿ ನಾ ಒಬ್ಬಾಕಿ. ಉಳದವರೊಳಗ ಇಬ್ರು ಹೈಸ್ಕೂಲ್ ಟೀಚರ್, ಒಬ್ಬಾಕಿ ಪಿಎಸ್‌ಐ ಆಗ್ಯಾಳ. ನನಗಿಂತ ಮೊದಲ ಮನಿ ಕಟ್ಟಿಸಿದಾಕಿನೂ ಅಕಿನ!"

ನನಗೆ ಇದು ಹೊಸ ಸಂಗತಿ. ಈ ಸಂಸ್ಥೆಗೆ ಒಂದೇ ಬಾಗಿಲು, ಅದು ಪಿಯುಸಿ ಮುಗಿದ ಕೂಡಲೇ ತೆರೆದು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಮಗನೂ ಹಾಗೇ ತಿಳಿದಿದ್ದ, ಪುಸ್ತಿಕೆಯಲ್ಲೂ ಹಾಗೇ ಇತ್ತು. ನಿಜವೆಂದರೆ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ಪದವಿ ಇಲ್ಲಿ ಶುರುವಾದದ್ದೇ 2011ರಲ್ಲಿ. ಅದಕ್ಕೂ ಮುಂಚಿನ ನೂರು ವರ್ಷ ಇಲ್ಲಿಗೆ ಬಂದವರೆಲ್ಲ ಬೇರೆ ಎಲ್ಲೋ ಓದಿ ಬಂದವರೇ. ಇವತ್ತೂ ಇಲ್ಲಿ ಹೆಚ್ಚು ಮಂದಿ ಎಂಟೆಕ್, ಪಿಎಚ್‌ಡಿಯವರು. ಇಂಜಿನಿಯರಿಂಗ್ ಮುಗಿಸಿದವರು ಗೇಟ್ ಬರೆದು ಬರುತ್ತಾರೆ, ಬಿಎಸ್ಸಿ ಮುಗಿಸಿದವರು ಜ್ಯಾಮ್ ಬರೆದು ಬರುತ್ತಾರೆ. ಸುಧಾ ಮೂರ್ತಿಯವರು ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ ಇಲ್ಲಿಗೆ ಎಂಇ ಮಾಡಲು ಬಂದವರು. ಇಲ್ಲಿ ನಿರ್ದೇಶಕರಾಗಿದ್ದ, ಭಾರತರತ್ನ ಪಡೆದ ನಮ್ಮ ಸಿ.ಎನ್.ಆರ್. ರಾವ್ ಬಿಎಸ್ಸಿ ಮಾಡಿದ್ದು ಸೆಂಟ್ರಲ್ ಕಾಲೇಜಿನಲ್ಲಿ.

ಇನ್ನೊಂದು ಮಾತು ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. ಪಿಎಚ್‌ಡಿ ಮಾಡುವವರಿಗೆ ಸರ್ಕಾರದ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಓದಲಿಕ್ಕೆ ದುಡ್ಡು! 1974ರಲ್ಲಿ ನಾನು ಇಡೀ ತಿಂಗಳು ಲೆಡ್ಜರ್ ಬರೆದು ಮನೆಗೆ ತಂದದ್ದು ಮುನ್ನೂರು ಚಿಲ್ಲರೆ.

ಮಧ್ಯಾಹ್ನ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಮೊಸರನ್ನ ಮುಗಿಯುವವರೆಗೆ ಪುಟ್ಟಿ ಸುಮ್ಮನಿದ್ದಳು. ಆಮೇಲೆ, "ಜಾಗ ನೋಡಿದ್ದಾಯ್ತಲ್ಲ ತಾತ, ಈಗ ಹೇಳಿ."

ನಾನು ಜೇಬಿನ ಡೈರಿ ತೆಗೆದೆ. ಒಂದು ವಾರದಿಂದ ಬರೆದಿಟ್ಟುಕೊಂಡಿದ್ದ ಲೆಕ್ಕ ಅದರಲ್ಲಿತ್ತು. 2024ರಲ್ಲಿ ಜೆಇಇ ಮೇನ್ ಬರೆದವರು ಸುಮಾರು 14 ಲಕ್ಷ. ಅದರಲ್ಲಿ ಅಡ್ವಾನ್ಸ್‌ಡ್‌ಗೆ ಅರ್ಹರಾಗುವವರು ಸುಮಾರು ಎರಡೂವರೆ ಲಕ್ಷ. ನಿಜವಾಗಿ ಬರೆದವರು 1,80,200. ಅದರಲ್ಲಿ ಪಾಸಾದವರು 48,248. ಎಲ್ಲ ಐಐಟಿಗಳೂ ಸೇರಿ ಇರುವ ಸೀಟು 17,700ರ ಆಸುಪಾಸು. ಎಂದರೆ ಮೇನ್ ಬರೆದ ನೂರು ಮಕ್ಕಳಲ್ಲಿ ಐಐಟಿಯ ಒಳಗೆ ಹೋಗುವವರು ಒಂದೂಕಾಲು. ಇಲ್ಲಿ, ಈ ಸಂಸ್ಥೆಯಲ್ಲಿ, ಬಿಟೆಕ್‌ಗೆ ಇರುವುದು ಐವತ್ತರ ಆಸುಪಾಸು ಸೀಟು. ಪುಟ್ಟಿಗೆ ಬೇಕಾದ ಬಿಎಸ್‌ಗೆ ನೂರು ಚಿಲ್ಲರೆ. ಬಿಎಸ್‌ಗೆ ಜೆಇಇ ಅಡ್ವಾನ್ಸ್‌ಡ್ ಒಂದು ದಾರಿ, ಐಎಟಿ ಎಂಬ ಪರೀಕ್ಷೆ ಇನ್ನೊಂದು. ಆ ಐಎಟಿಯ ಹಳೆಯ ಪತ್ರಿಕೆಯೊಂದನ್ನು ಹಿಂದಿನ ಭಾನುವಾರ ಮನೆಯಲ್ಲಿ ಕೂರಿಸಿ ಬರೆಸಿದ್ದೆ. ಮೂರು ಗಂಟೆ, ಅರವತ್ತು ಪ್ರಶ್ನೆ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಟ್. ಒಟ್ಟು 240ಕ್ಕೆ ಪುಟ್ಟಿಗೆ ಬಂದದ್ದು 73.

"ನೂರಕ್ಕೆ ಐದು" ಎಂದೆ.

ಹೇಳುವಾಗ ನನ್ನ ಕೈ ಸ್ವಲ್ಪ ನಡುಗಿತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಕಣ್ಣು ತುಂಬಿತ್ತು, ಆದರೆ ಕೆಳಗೆ ಬೀಳಲು ಬಿಡಲಿಲ್ಲ. ಖಂಡಿತ ಎಂದು ಹೇಳಿ ಮಗನನ್ನು ನೋಯಿಸಿದೆ, ಐದು ಎಂದು ಹೇಳಿ ಮೊಮ್ಮಗಳನ್ನು ನೋಯಿಸಿದೆನಲ್ಲ ಎನಿಸಿತು.

"ಡೈರಿ ಕೊಡಿ ಇಲ್ಲಿ" ಎಂದಳು.

ಕೊಟ್ಟೆ. ಹತ್ತು ನಿಮಿಷ ನೋಡಿದಳು. ಬ್ಯಾಂಕಿಗೆ ಆಡಿಟರುಗಳು ಬಂದಾಗ ನಮ್ಮ ಮ್ಯಾನೇಜರು ಹೇಗೆ ಕೂರುತ್ತಿದ್ದರೋ ಹಾಗೆ ಕೂತಿದ್ದೆ.

"ಮೊದಲನೇದು, ಈ 14 ಲಕ್ಷ ಇಲ್ಲಿ ಯಾಕೆ ಬಂತು? ಅವ್ರೆಲ್ಲ ಬಯಾಲಜಿ ಓದಿಲ್ಲ, ಅವ್ರೆಲ್ಲರಿಗೂ ಈ ಕೋರ್ಸ್ ಬೇಡ. ನನ್ನ ಜೊತೆ ಇದಕ್ಕೆ ನಿಜವಾಗಿ ಓಡೋರು ಅವರಲ್ಲ. ಎರಡನೇದು, ಇದು ಲಾಟರಿ ಥರ ಭಾಗಿಸೋ ಲೆಕ್ಕ. ಚೀಟಿ ಎತ್ತಿ ಸೀಟು ಕೊಡಲ್ಲ. ಮೂರನೇದು," ಎಂದು ನನ್ನ ಕಡೆ ತಿರುಗಿದಳು, "ನೀವು ಬರೆಸಿದ ಪತ್ರಿಕೇಲಿ 27 ಪ್ರಶ್ನೆ ಎರಡನೇ ಪಿಯುಸಿದು. ಆ ಪಾಠ ನಂಗೆ ಇನ್ನೂ ಮಾಡೇ ಇಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ಉತ್ತರ ಪಟ್ಟಿ ನೋಡಿ ಗುರುತು ಹಾಕಿದ್ದೆ, ಅಷ್ಟೆ. ಪ್ರಶ್ನೆ ಯಾವ ವರ್ಷದ್ದೆಂದು ಬಿಕಾಂ ಓದಿದವನಿಗೆ ಹೇಗೆ ತಿಳಿಯಬೇಕು?

ಅಲ್ಲೇ ಹೊಸ ಲೆಕ್ಕ ಹಾಕಿದಳು. ಓದಿದ ಪಾಠದ ಪ್ರಶ್ನೆ 33. ಅದರಲ್ಲಿ 21 ಸರಿ, 6 ತಪ್ಪು, 6 ಬಿಟ್ಟದ್ದು. 84ರಲ್ಲಿ 6 ಕಳೆದರೆ 78. ಓದದ ಪಾಠದಲ್ಲಿ ಸುಮ್ಮನೆ ಊಹಿಸಿ 15 ಬರೆದಿದ್ದಳು. 2 ಸರಿ, 13 ತಪ್ಪು. ಎಂಟು ಬಂದು ಹದಿಮೂರು ಹೋಯಿತು. ಊಹೆ ಮಾಡದೆ ಕೈ ಕಟ್ಟಿ ಕೂತಿದ್ದರೆ 78 ಉಳಿಯುತ್ತಿತ್ತು. ಮಕ್ಕಳೇ, ಇದನ್ನು ನೀವೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಓದಿದ್ದರ ಮಟ್ಟಿಗೆ ಅವಳಿಗೆ ಬಂದದ್ದು 132ಕ್ಕೆ 78. ನೂರಕ್ಕೆ ಐವತ್ತೊಂಬತ್ತು.

"ಈಗ ಹೇಳಿ, ಎಷ್ಟು?"

ನಾನು ಯೋಚನೆ ಮಾಡಿದೆ. ಐವತ್ತೊಂಬತ್ತು ಒಳ್ಳೆಯದೇ. ಆದರೆ ಪಟ್ಟಿಯ ತುದಿಯಲ್ಲಿರುವ ಆ ಕೆಲವು ನೂರು ಮಕ್ಕಳು ಅದಕ್ಕಿಂತ ಬಹಳ ಮುಂದೆ ಇರುತ್ತಾರೆ.

"ಏಳು."

"ಬರೀ ಎರಡು ಜಾಸ್ತಿನಾ?"

"ಬ್ಯಾಂಕ್‌ನೋರು ಅಷ್ಟೇ ಕಣಮ್ಮ ಕೊಡೋದು."

ಆಗ ನಕ್ಕಳು. ನನಗೆ ಉಸಿರು ಬಂತು. ಡೈರಿಯ ಮುಂದಿನ ಪುಟದಲ್ಲಿ ಇಬ್ಬರೂ ಸೇರಿ ಬೇರೆ ದಾರಿಗಳನ್ನು ಬರೆದೆವು. ಅದೇ ಐಎಟಿ ಪರೀಕ್ಷೆಯಿಂದಲೇ ಏಳು ಐಸರ್ ಸಂಸ್ಥೆಗಳಿಗೂ ಹೋಗಬಹುದು: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರ. ಅಲ್ಲಿ ಸೀಟುಗಳು ಇಲ್ಲಿಗಿಂತ ಎಷ್ಟೋ ಪಾಲು ಹೆಚ್ಚು. ಅದರ ಮುಂದೆ ಇಪ್ಪತ್ತೈದು ಎಂದು ಬರೆದೆ, ಅವಳು ಒಪ್ಪಿದಳು. ಮೈಸೂರಿನ ಯುವರಾಜ ಕಾಲೇಜಿನಲ್ಲೋ ತುಮಕೂರಿನಲ್ಲೋ ಬಿಎಸ್ಸಿ ಮಾಡಿ ರಾಯಚೂರಿನ ಅಕ್ಕನ ದಾರಿ ಹಿಡಿಯುವುದು ಇನ್ನೊಂದು. ಅದರ ಮುಂದೆ ನಂಬರು ಬರೆಯಲಿಲ್ಲ. ಅದು ಐದು ವರ್ಷದ ಆಚೆಯ ಮಾತು.

ಈ ಲೆಕ್ಕದ ಮಧ್ಯೆ ನನ್ನದೇ ಒಂದು ಸಂಗತಿ ನೆನಪಾಯಿತು. 1974ರಲ್ಲಿ ನಾನು ಬ್ಯಾಂಕ್ ಪರೀಕ್ಷೆಗೆ ಬೆಂಗಳೂರಿಗೆ ಬಂದಾಗ ನನ್ನ ಹಾಲ್ ಟಿಕೆಟ್ ನಂಬರು ನಾಲ್ಕು ಸಾವಿರದ ಮೇಲಿತ್ತು. ತೆಗೆದುಕೊಂಡದ್ದು ಅರವತ್ತು ಜನರನ್ನು. ಆಗ ಯಾರಾದರೂ ಈ ಡೈರಿ ಲೆಕ್ಕ ತೋರಿಸಿದ್ದರೆ ಬಸ್ ಚಾರ್ಜು ದಂಡ ಎಂದು ಊರಲ್ಲೇ ಉಳಿದುಬಿಡುತ್ತಿದ್ದೆನೋ ಏನೋ. ಇದನ್ನು ಪುಟ್ಟಿಗೆ ಹೇಳಿದೆ. "ಹಾಗಾದ್ರೆ ನಿಮ್ಮ ಲೆಕ್ಕದಿಂದ ಏನು ಪ್ರಯೋಜನ?" ಎಂದಳು. ಒಳ್ಳೆಯ ಪ್ರಶ್ನೆ.

ಹೊರಡುವ ಮುಂಚೆ ಇನ್ನೊಂದು ಸಲ ಮುಖ್ಯ ಕಟ್ಟಡದ ಮುಂದೆ ಹಾದು ಬಂದೆವು. ಇಲ್ಲಿ 1933ರಲ್ಲಿ ನಡೆದ ಒಂದು ಘಟನೆಯನ್ನು ಪುಟ್ಟಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಕಮಲಾ ಭಾಗವತ್ ಎಂಬ ಹುಡುಗಿ ಬಾಂಬೆ ವಿಶ್ವವಿದ್ಯಾನಿಲಯದಲ್ಲಿ ಬಿಎಸ್ಸಿ ಪಾಸು ಮಾಡಿ, ಅಂಕಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಇಲ್ಲಿಗೆ ಅರ್ಜಿ ಹಾಕಿದಳು. ಆಗ ನಿರ್ದೇಶಕರು ಸಿ.ವಿ. ರಾಮನ್, ನೊಬೆಲ್ ಪಡೆದವರು. ಹೆಣ್ಣುಮಗಳೆಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಅಂಕ ಇದ್ದೂ ಅವಳ ಅವಕಾಶ ಸೊನ್ನೆ. ಅವಳು ನೇರ ಇಲ್ಲಿಗೇ ಬಂದು ಕಾರಣ ಕೇಳಿದಳು, ಬಿಟ್ಟು ಹೋಗಲಿಲ್ಲ. ಕೊನೆಗೆ ರಾಮನ್ ಷರತ್ತು ಹಾಕಿ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷಾರ್ಥ, ಕೆಲಸ ತೃಪ್ತಿ ತಂದರೆ ಮಾತ್ರ ಮಾನ್ಯತೆ. ವರ್ಷ ಮುಗಿದಾಗ ರಾಮನ್ ಅವರೇ ಮಾನ್ಯ ಮಾಡಿದರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದ ಕಮಲಾ ಮುಂದೆ ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ. ನಮ್ಮ ತೆಂಗಿನ ಸೀಮೆಯವರಿಗೆ ಇದೂ ಗೊತ್ತಿರಲಿ: ನೀರಾದಲ್ಲಿರುವ ಪೋಷಕಾಂಶಗಳ ಬಗ್ಗೆ ಸಂಶೋಧನೆ ಮಾಡಿದವರೂ ಅವರೇ.

ಪುಟ್ಟಿ ಕಥೆ ಕೇಳಿ, "ರಾಮನ್ ಹಾಗೆ ಮಾಡಬಾರದಿತ್ತು" ಎಂದಳು. "ಹೌದು, ಮಾಡಬಾರದಿತ್ತು" ಎಂದೆ. ದೊಡ್ಡವರು ತಪ್ಪು ಮಾಡಿದರೆ ತಪ್ಪು ಎನ್ನುವುದಕ್ಕೆ ಈಗಿನ ಮಕ್ಕಳಿಗೆ ಸಂಕೋಚವಿಲ್ಲ. ನಮ್ಮ ಕಾಲದಲ್ಲಿ ನಮಗಿತ್ತು.

ಸಂಜೆಯ ರೈಲಿನಲ್ಲಿ ಅವಳು ನಿದ್ದೆ ಹೋದಳೆಂದುಕೊಂಡಿದ್ದೆ. ತುಮಕೂರು ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ತಾತ, ಆ ಕೋಚಿಂಗ್ ಫೀಸು ಅಜ್ಜಿ ಮಂಡಿ ದುಡ್ಡು ತಾನೇ?"

"ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ಏಳು ಪರ್ಸೆಂಟ್ ಅಂತ ಗೊತ್ತಿದ್ರೆ ನಿಮ್ಮ ಬ್ಯಾಂಕಲ್ಲಿ ಮೂರು ಲಕ್ಷ ಸಾಲ ಕೊಡ್ತಿದ್ರಾ?"

ನಾನು ಉತ್ತರ ಹೇಳಲಿಲ್ಲ. ಕೊಡುತ್ತಿರಲಿಲ್ಲ ಎಂಬುದು ನಿಜ. ಆದರೆ ಮೊಮ್ಮಗಳು ಸಾಲದ ಅರ್ಜಿಯಲ್ಲವಲ್ಲ. ಆ ಕೋಚಿಂಗ್‌ಗೆ ಹೋದರೆ ಏಳು ಹದಿನೈದಾಗುತ್ತಿತ್ತೋ, ಏಳೇ ಉಳಿಯುತ್ತಿತ್ತೋ ನನ್ನ ಡೈರಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಗುಬ್ಬಿಯ ದೀಪಗಳು ಹಿಂದೆ ಹೋದವು. "ಮನೇಲಿದ್ದೇ ಓದ್ತೀನಿ ತಾತ. ಫಿಸಿಕ್ಸ್‌ಗೆ ಮಾತ್ರ ಯಾರಾದ್ರೂ ಬೇಕು" ಎಂದಳು.

ಮನೆಗೆ ಬಂದು ಮಗನಿಗೆ ಹೇಳಿದಾಗ ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇವತ್ತಿಗೂ ಆಗಿಲ್ಲ. "ನಾಳೆ ಅವಳು ನಮ್ಮನ್ನ ಕೇಳಿದ್ರೆ?" ಎಂದ. ನಾನು ಡೈರಿ ಮುಂದಿಟ್ಟು, "ಇದು ಅವಳೇ ಹಾಕಿದ ಲೆಕ್ಕ ಕಣೋ" ಎಂದೆ. ಅವನು ಎರಡೂ ಪುಟ ನಿಧಾನವಾಗಿ ಓದಿದ. "ನನಗೂ ಹೀಗೆ ಒಂದು ಪುಟ ಬರೆದು ಕೊಟ್ಟಿದ್ರೆ ಆಗ್ತಿತ್ತು" ಎಂದ. ಅಷ್ಟು ಹೇಳಿ ಅಂಗಡಿಗೆ ಹೋದ. ಇಪ್ಪತ್ತೇಳು ವರ್ಷದಲ್ಲಿ ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು.

ಈಗ ಶನಿವಾರ, ಭಾನುವಾರ ತುಮಕೂರಿನಲ್ಲಿ ಒಬ್ಬ ನಿವೃತ್ತ ಲೆಕ್ಚರರ ಹತ್ತಿರ ಫಿಸಿಕ್ಸ್ ಪಾಠ. ಬಸ್ಸಿನಲ್ಲಿ ಜೊತೆಗೆ ನಾನು. ಹಳೆಯ ಪತ್ರಿಕೆಗಳನ್ನು ಮಗ ಅಂಗಡಿಯ ಪ್ರಿಂಟರಿನಲ್ಲಿ ತೆಗೆದುಕೊಡುತ್ತಾನೆ. ಅಜ್ಜಿಯ ಆಪರೇಷನ್‌ಗೆ ಮೇ ತಿಂಗಳಲ್ಲಿ ದಿನ ಕೊಟ್ಟಿದ್ದಾರೆ.

ಮೊನ್ನೆ ಎರಡನೇ ಪತ್ರಿಕೆ ಬರೆಸಿದೆವು. ಅಡುಗೆಮನೆಯ ಗಡಿಯಾರ ಮುಂದಿಟ್ಟುಕೊಂಡು, ಕಾಲು ಚಾಚಿ ಕೂತು, ಅಜ್ಜಿಯೇ ಮೇಲ್ವಿಚಾರಕಿ. ಮೂರು ಗಂಟೆಗೆ ಸರಿಯಾಗಿ "ಸಾಕು, ಪೆನ್ನು ಕೆಳಗಿಡು" ಎಂದಳು, ಒಂದು ನಿಮಿಷವೂ ಹೆಚ್ಚು ಕೊಡಲಿಲ್ಲ. ಓದದ ಪಾಠದ ಪ್ರಶ್ನೆಗಳನ್ನು ಪುಟ್ಟಿ ಈ ಸಲ ಮುಟ್ಟಲೇ ಇಲ್ಲ. ಓದಿದ್ದರಲ್ಲಿ 31 ಪ್ರಶ್ನೆ. 24 ಸರಿ, 4 ತಪ್ಪು, 3 ಬಿಟ್ಟದ್ದು. 92.

ಡೈರಿ ತಂದು ನನ್ನ ಏಳನ್ನು ಹೊಡೆದು ಒಂಬತ್ತು ಎಂದು ಬರೆದಳು. ನಾನು ಎಂಟು ಎಂದೆ. ಸ್ವಲ್ಪ ಚೌಕಾಸಿ ನಡೆಯಿತು. ಕೊನೆಗೆ ಎಂಟಕ್ಕೆ ಒಪ್ಪಿ, ತಿದ್ದಿದ ಅಂಕಿಯ ಪಕ್ಕದಲ್ಲಿ, ಬ್ಯಾಂಕಿನ ಪದ್ಧತಿಯಂತೆ, ನನ್ನ ಕೈಲಿ ಚಿಕ್ಕ ಸಹಿ ಹಾಕಿಸಿಕೊಂಡು ಒಳಗೆ ಹೋದಳು.